ಟೈಬ್ರೇಕರ್: ಅದು ಮ್ಯಾಚ್ ಅಲ್ಲ

"ಆ ಟೈಬ್ರೇಕರ್ ಮ್ಯಾಚ್ ಯಾವತ್ತು?" ಅಂತ ಗೆಳೆಯರೊಬ್ಬರು ಕೇಳಿದರು. ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ತಪ್ಪದೆ ನೋಡುವವರು ಅವರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಅದು. ಇದೇ ಪ್ರಶ್ನೆಯನ್ನು ಇನ್ನೂ ಹಲವರಿಂದ ಕೇಳಿದ್ದೇನೆ. ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ: ಅಂಥ ಮ್ಯಾಚ್ ಇಲ್ಲ.

ತಪ್ಪು ಹುಟ್ಟಿದ್ದು ಎಲ್ಲಿ ಅಂತ ಗೊತ್ತು. ನಮ್ಮಲ್ಲಿ ಪೆನಾಲ್ಟಿ ಶೂಟೌಟನ್ನೂ ಟೈಬ್ರೇಕರ್ ಅಂತಾರೆ. ಟೆನಿಸ್‌ನಲ್ಲಿ ಸೆಟ್ 6-6 ಆದಾಗ ಆಡುವುದಕ್ಕೂ ಅದೇ ಹೆಸರು. ಪದ ಕಿವಿಗೆ ಬಿದ್ದರೆ ಮೈದಾನವೇ ಕಣ್ಣಿಗೆ ಬರುತ್ತದೆ. ಆದರೆ ಪದದೊಳಗೆ ಆಟ ಎಲ್ಲೂ ಇಲ್ಲ. ಟೈ ಅಂದರೆ ಗಂಟು. ಎರಡು ತಂಡಗಳ ಗೆಲುವು ಸೋಲು ಒಂದೇ ಆಗಿ ಗಂಟು ಬಿದ್ದಿದೆ. ಅದನ್ನು ಬಿಡಿಸುವುದು ಯಾವುದೇ ಆಗಲಿ, ಅದು ಟೈಬ್ರೇಕರ್. ಎನ್‌ಎಫ್‌ಎಲ್‌ನಲ್ಲಿ ಆ ಕೆಲಸ ಮಾಡುವುದು ಒಂದು ನಿಯಮಗಳ ಪಟ್ಟಿ. ಅಷ್ಟೊತ್ತಿಗೆ ಆಟ ಎಲ್ಲ ಮುಗಿದಿರುತ್ತದೆ.

ಒಂದು ಕಾಲದಲ್ಲಿ ಮ್ಯಾಚೇ ಆಡಿಸುತ್ತಿದ್ದರು, ಅದು ನಿಜ. 1965ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಮತ್ತು ಬಾಲ್ಟಿಮೋರ್ ಕೋಲ್ಟ್ಸ್ ಸಮ ಆದಾಗ ಹೆಚ್ಚುವರಿ ಪಂದ್ಯ ನಡೆಯಿತು. ಓವರ್‌ಟೈಮ್‌ನಲ್ಲಿ ಪ್ಯಾಕರ್ಸ್ 13-10ರಿಂದ ಗೆದ್ದರು. 1967ರಲ್ಲಿ ಮ್ಯಾಚ್ ಬದಲು ನಿಯಮ ಬಂತು, ಅದರ ಮೊದಲ ಪೆಟ್ಟು ಅದೇ ಕೋಲ್ಟ್ಸ್‌ಗೆ ಬಿತ್ತು. ಆ ಸೀಸನ್‌ನಲ್ಲಿ ಅವರು ಸೋತದ್ದು ಒಂದೇ ಒಂದು ಮ್ಯಾಚ್, ಅದೂ ಕೊನೆಯದು, ಲಾಸ್ ಏಂಜಲೀಸ್ ರ‍್ಯಾಮ್ಸ್ ಎದುರು, 34-10. ಇಬ್ಬರದೂ 11 ಗೆಲುವು, 1 ಸೋಲು, 2 ಸಮ. ಇಬ್ಬರ ನಡುವಿನ ಮೊದಲ ಮ್ಯಾಚ್ 24-24 ಆಗಿತ್ತು. ಪರಸ್ಪರ ಆಡಿದ ಪಂದ್ಯಗಳ ಪಾಯಿಂಟ್ ಲೆಕ್ಕ ಹಾಕಿ ರ‍್ಯಾಮ್ಸ್ ಮುಂದೆ ಹೋದರು. ಕೋಲ್ಟ್ಸ್ ಮನೆಗೆ ಹೋದರು. ನನಗೆ ಇವತ್ತಿಗೂ ಅದು ಅನ್ಯಾಯ ಅಂತಲೇ ಅನ್ನಿಸುತ್ತದೆ.

ಈಗಿನ ಪಟ್ಟಿಯನ್ನು ಮೆಟ್ಟಿಲು ಅಂತ ನೆನಪಿಟ್ಟುಕೊಂಡರೆ ಸಾಕು. ಒಂದು ಮೆಟ್ಟಿಲಲ್ಲಿ ತೀರ್ಮಾನ ಆದರೆ ಮುಂದಿನದಕ್ಕೆ ಹೋಗುವುದೇ ಇಲ್ಲ. ಡಿವಿಷನ್ (ನಾಲ್ಕು ತಂಡಗಳ ಗುಂಪು) ಒಳಗೆ ಮೊದಲ ಪ್ರಶ್ನೆ: ನೀವಿಬ್ಬರೂ ಆಡಿದಾಗ ಗೆದ್ದವರು ಯಾರು? ಆಮೇಲೆ ಡಿವಿಷನ್ ಒಳಗಿನ ಗೆಲುವು, ಇಬ್ಬರೂ ಎದುರಿಸಿದ ತಂಡಗಳ ಮೇಲಿನ ಗೆಲುವು, ಕಾನ್ಫರೆನ್ಸ್ (ನಾಲ್ಕು ಡಿವಿಷನ್ ಸೇರಿದ ದೊಡ್ಡ ಗುಂಪು) ಒಳಗಿನ ಗೆಲುವು. ಹೀಗೆ ಹನ್ನೆರಡು ಮೆಟ್ಟಿಲು, ಕೊನೆಯದು ನಾಣ್ಯ ಚಿಮ್ಮುವುದು. ಮೂರು ತಂಡ ಸಮ ಇದ್ದು ಒಂದು ಹೊರಬಿದ್ದರೆ, ಉಳಿದ ಎರಡನ್ನು ಮತ್ತೆ ಮೊದಲ ಮೆಟ್ಟಿಲಿಗೆ ತಂದು ನಿಲ್ಲಿಸುತ್ತಾರೆ. ಇದನ್ನು ಮರೆತು ಲೆಕ್ಕ ತಪ್ಪುವವರೇ ಜಾಸ್ತಿ. ಅಂದ ಹಾಗೆ, ಇಲ್ಲಿ ಡಿವಿಷನ್ ಅಂದರೆ ಬೆಂಗಳೂರು ಲೀಗಿನ ಸೂಪರ್ ಡಿವಿಷನ್, ಎ ಡಿವಿಷನ್ ತರಹದ ಮೇಲು ಕೆಳಗಿನ ದರ್ಜೆ ಅಲ್ಲ. ಬರೀ ಗುಂಪು, ಅಷ್ಟೇ.

ಐದನೇ ಮೆಟ್ಟಿಲಿಗೆ ಬಂದರೆ ನನ್ನ ತಾಳ್ಮೆ ಕೆಡುತ್ತದೆ. ಅದರ ಹೆಸರು ಸ್ಟ್ರೆಂತ್ ಆಫ್ ವಿಕ್ಟರಿ. ಇದನ್ನು 'ಗೆಲುವಿನ ಅಂತರ' ಅಂತ ಬರೆದದ್ದನ್ನು ನೋಡಿದ್ದೇನೆ, ಹೇಳಿದ್ದನ್ನು ಕೇಳಿದ್ದೇನೆ. ಅಂತರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಕಿವಿ ನೆಟ್ ರನ್ ರೇಟ್‌ಗೆ ಒಗ್ಗಿಹೋಗಿದೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಸುಮ್ನೆ ಗೆದ್ದರೆ ಸಾಲದು, 18 ರನ್‌ನಿಂದಾದರೂ ಗೆಲ್ಲಬೇಕು ಅಂತ ನಾವೆಲ್ಲ ಬೆರಳು ಮಡಚಿ ಎಣಿಸಿದ್ದೆವು ಅಲ್ವಾ? 27 ರನ್‌ನಿಂದ ಗೆದ್ದು, ಚೆನ್ನೈ ಜೊತೆ 14 ಅಂಕದಲ್ಲಿ ಸಮ ಆಗಿ, ರನ್ ರೇಟ್ ಮೇಲೆ ಒಳಗೆ ಹೋದೆವು. ಅಲ್ಲಿ ಅಂತರವೇ ಎಲ್ಲ. ಇಲ್ಲಿ ಒಂದು ಪಾಯಿಂಟ್‌ನಿಂದ ಗೆದ್ದರೂ ಅಷ್ಟೇ, ನಲವತ್ತರಿಂದ ಗೆದ್ದರೂ ಅಷ್ಟೇ. ಕೇಳುವುದು ಒಂದನ್ನೇ: ನೀವು ಸೋಲಿಸಿದವರು ಎಂಥವರು? 'ಸೋತ ಎದುರಾಳಿಗಳ ಬಲ' ಅಂದರೆ ಸರಿಹೋಗುತ್ತದೆ.

ಲೆಕ್ಕ ಸುಲಭ. ನೀವು ಸೋಲಿಸಿದ್ದು ಮೂರು ತಂಡ ಅಂದುಕೊಳ್ಳಿ. ಅವುಗಳ ಗೆಲುವು ಸೋಲು 12-5, 9-8, 6-11. ಕೂಡಿದರೆ 27-24. 51 ಪಂದ್ಯಕ್ಕೆ 27 ಗೆಲುವು, ಅಂದರೆ 0.529. ಒಂದೇ ತಂಡವನ್ನು ಎರಡು ಸಲ ಸೋಲಿಸಿದ್ದರೆ ಅದನ್ನು ಎರಡು ಸಲ ಕೂಡಬೇಕು.

ಹೀಗಾಗಿ ನಿಮ್ಮ ಹಣೆಬರಹ ಬೇರೆಯವರ ಮ್ಯಾಚ್‌ನಲ್ಲಿ ಬರೆಯಲ್ಪಡುತ್ತದೆ. 2024ರ ಸೀಸನ್‌ನಲ್ಲಿ ಆದದ್ದು ಅದೇ. ಡಿಸೆಂಬರ್ 28ರ ಶನಿವಾರ ರ‍್ಯಾಮ್ಸ್ ಅರಿಜೋನಾ ಕಾರ್ಡಿನಲ್ಸ್ ತಂಡವನ್ನು 13-9ರಿಂದ ಸೋಲಿಸಿದರು. ಮರುದಿನ ರ‍್ಯಾಮ್ಸ್ ಮೈದಾನಕ್ಕೆ ಇಳಿಯಲೇ ಇಲ್ಲ. ಅವರು ಹಿಂದೆ ಸೋಲಿಸಿದ್ದ ಕೆಲವು ತಂಡಗಳು ಗೆದ್ದವು, ಡಿವಿಷನ್ ಅವರ ಕೈಗೆ ಬಂತು. ಕೊನೆಯ ವಾರ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು, ಅದೇ ಡಿವಿಷನ್‌ನ ಸಿಯಾಟಲ್ ಸೀಹಾಕ್ಸ್ ಎದುರು 30-25ರಿಂದ ಸೋತರು. ಇಬ್ಬರದೂ 10-7 ಆಯಿತು. ಪರಸ್ಪರ ಒಂದೊಂದು ಗೆಲುವು, ಮುಂದಿನ ಮೂರು ಮೆಟ್ಟಿಲಲ್ಲೂ ಸಮ. ಐದನೆಯದರಲ್ಲಿ ರ‍್ಯಾಮ್ಸ್ ಮೇಲು. ಸೀಹಾಕ್ಸ್‌ಗೆ ಪ್ಲೇಆಫ್ ಇಲ್ಲ. ಇದನ್ನೇ 'ಟೈಬ್ರೇಕರ್‌ನಲ್ಲಿ ಸೋತರು' ಅಂದರೆ, ನೋಡದವರು ಆಡಿ ಸೋತರು ಅಂದುಕೊಳ್ಳುತ್ತಾರೆ.

ಇನ್ನು ಸೀಡಿಂಗ್. ಕನ್ನಡದಲ್ಲಿ ಇದಕ್ಕೂ ಶ್ರೇಯಾಂಕ, ರ‍್ಯಾಂಕಿಂಗ್‌ಗೂ ಶ್ರೇಯಾಂಕ ಅಂತ ಬರೆದು ಎರಡನ್ನೂ ಕಲಸಿಬಿಟ್ಟಿದ್ದೇವೆ. ಸೀಡ್ ಅಂದರೆ ಬೀಜ. ಒಳ್ಳೆಯ ಆಟಗಾರರು ಮೊದಲ ಸುತ್ತಲ್ಲೇ ಎದುರಾಗದಂತೆ ಪಟ್ಟಿಯಲ್ಲಿ ದೂರ ದೂರ ಬಿತ್ತುವುದು. ಎನ್‌ಎಫ್‌ಎಲ್‌ನಲ್ಲಿ ಒಂದು ಕಾನ್ಫರೆನ್ಸ್‌ನ ನಾಲ್ಕು ಡಿವಿಷನ್ ಗೆದ್ದವರಿಗೆ ಮೊದಲ ನಾಲ್ಕು ಸ್ಥಾನ, ವೈಲ್ಡ್ ಕಾರ್ಡ್‌ನವರಿಗೆ (ಡಿವಿಷನ್ ಗೆಲ್ಲದಿದ್ದರೂ ಪ್ಲೇಆಫ್‌ಗೆ ಬಂದವರಿಗೆ) ಐದರಿಂದ ಏಳು. ಯಾರು ಎಷ್ಟು ಗೆದ್ದರು ಅನ್ನುವುದು ಆಮೇಲಿನ ಮಾತು. ಆ ವರ್ಷ ಮಿನೆಸೋಟ ವೈಕಿಂಗ್ಸ್ 14 ಪಂದ್ಯ ಗೆದ್ದರೂ ಡೆಟ್ರಾಯ್ಟ್ ಲಯನ್ಸ್ ಹಿಂದೆ ಉಳಿದು ಐದನೇ ಸೀಡ್ ಆದರು. ಹತ್ತು ಗೆದ್ದ ರ‍್ಯಾಮ್ಸ್ ನಾಲ್ಕನೆಯವರು. ಮೊದಲ ಸುತ್ತಿನಲ್ಲಿ ಇಬ್ಬರೂ ಎದುರಾದರು. ಆತಿಥೇಯರು ರ‍್ಯಾಮ್ಸ್, ಲಾಸ್ ಏಂಜಲೀಸ್‌ನ ಕಾಡ್ಗಿಚ್ಚಿನಿಂದಾಗಿ ಪಂದ್ಯ ಅರಿಜೋನಾದಲ್ಲಿ ನಡೆಯಿತು. ರ‍್ಯಾಮ್ಸ್ 27, ವೈಕಿಂಗ್ಸ್ 9.