ಮೊದಲ ಜೆಟ್‌ಗಳು ರನ್‌ವೇ ಬಳಿ ಸಿಕ್ಕಿಬೀಳುತ್ತಿದ್ದುದೇಕೆ?

1944ರ ಅಕ್ಟೋಬರ್ 7ರಂದು ಜರ್ಮನಿಯ ಆಖ್ಮರ್ ವಾಯುನೆಲೆಯಿಂದ ಎರಡು ಎಂಇ-262 ಜೆಟ್ ಯುದ್ಧವಿಮಾನಗಳು ನೆಲ ಬಿಟ್ಟು ಮೇಲೇಳುತ್ತಿದ್ದವು. ಬಾಂಬರ್‌ಗಳ ಬೆಂಗಾವಲಿಗೆ ಬಂದಿದ್ದ ಅಮೆರಿಕದ ಪೈಲಟ್ ಅರ್ಬನ್ ಡ್ರೂ ತಮ್ಮ ಪಿ-51 ಮಸ್ಟಾಂಗ್‌ನಲ್ಲಿ ಎತ್ತರದಿಂದ ಎರಗಿ, ಅವು ವೇಗ ಪಡೆಯುವ ಮೊದಲೇ ಎರಡನ್ನೂ ಹೊಡೆದುರುಳಿಸಿದರು. ಮಸ್ಟಾಂಗ್ ಪ್ರೊಪೆಲರ್ ವಿಮಾನ. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 700 ಕಿ.ಮೀ. ಎಂಇ-262ರದು ಸುಮಾರು 870 ಕಿ.ಮೀ. ಇಷ್ಟು ಅಂತರವಿದ್ದೂ ನಿಧಾನದ ವಿಮಾನವೇ ಗೆದ್ದದ್ದು ಹೇಗೆಂದು ತಿಳಿಯಬೇಕಾದರೆ ಎಂಜಿನ್‌ಗಳ ಸ್ವಭಾವವನ್ನು ನೋಡಬೇಕು.

ಪ್ರೊಪೆಲರ್‌ನ ಅಲಗಿನ ತುದಿ ಶಬ್ದದ ವೇಗವನ್ನು ಸಮೀಪಿಸಿದಂತೆ ಅದರ ದಕ್ಷತೆ ಕುಸಿಯುತ್ತದೆ. ಆಮೇಲೆ ಎಂಜಿನ್‌ಗೆ ಎಷ್ಟು ಶಕ್ತಿ ಕೂಡಿಸಿದರೂ ವೇಗ ಹೆಚ್ಚುವುದು ಅಲ್ಪವೇ. ಆದರೆ ನಿಧಾನವಾಗಿ ಹಾರುವಾಗ ಅದರ ಎಳೆತ ಬಲು ಜೋರು. ಜೆಟ್‌ನ ನೂಕುಬಲವಾದರೋ ವೇಗ ಯಾವುದಿದ್ದರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹೀಗಾಗಿ ಅತಿವೇಗದಲ್ಲಿ ಮೇಲುಗೈ ಸಾಧಿಸುವ ಜೆಟ್, ಏರುವಾಗ ಮತ್ತು ಇಳಿಯುವಾಗ ಬಡವಾಗುತ್ತದೆ. ಆರು ಟನ್‌ಗೂ ಹೆಚ್ಚು ತೂಗುತ್ತಿದ್ದ ಎಂಇ-262ಕ್ಕೆ ಇದ್ದದ್ದು ತಲಾ ಸುಮಾರು 900 ಕಿಲೋ ನೂಕುಬಲದ ಎರಡು ಯೂಮೊ-004 ಎಂಜಿನ್‌ಗಳು ಮಾತ್ರ.

ಆ ಎಂಜಿನ್‌ಗಳೂ ಕೊರತೆಯಲ್ಲಿ ಹುಟ್ಟಿದವು. ಯುದ್ಧಕಾಲದ ಜರ್ಮನಿಯಲ್ಲಿ ನಿಕ್ಕಲ್, ಕ್ರೋಮಿಯಂನಂತಹ ಲೋಹಗಳಿಗೆ ತೀವ್ರ ಅಭಾವವಿದ್ದುದರಿಂದ, ದಹನ ಕೋಣೆಗಳನ್ನು ಅಲ್ಯೂಮಿನಿಯಂ ಲೇಪಿಸಿದ ಸಾಧಾರಣ ಉಕ್ಕಿನಲ್ಲೇ ಮಾಡಬೇಕಾಯಿತು. ಹತ್ತರಿಂದ ಇಪ್ಪತ್ತೈದು ಗಂಟೆ ಓಡುವಷ್ಟರಲ್ಲಿ ಎಂಜಿನ್ ಬದಲಿಸುವ ಹೊತ್ತು ಬರುತ್ತಿತ್ತು. ಎಂಜಿನ್‌ನ ಬಲವನ್ನು ಏರಿಳಿಸುವ ಹಿಡಿಯಾದ ಥ್ರಾಟಲ್ ಹಿಡಿದ ಪೈಲಟ್‌ನ ಕೈಯಂತೂ ಸದಾ ಎಚ್ಚರದಲ್ಲಿರಬೇಕಿತ್ತು: ಸರ್ರನೆ ಮುಂದಕ್ಕೆ ತಳ್ಳಿದರೆ ಒಳಗಿನ ಜ್ವಾಲೆ ಆರಿಹೋಗಬಹುದು ಇಲ್ಲವೇ ಎಂಜಿನ್‌ಗೇ ಬೆಂಕಿ ಹತ್ತಬಹುದು. ಇಳಿಯಲು ವೇಗ ತಗ್ಗಿಸಿ, ಚಕ್ರ ಬಿಟ್ಟು ಬರುತ್ತಿರುವ ವಿಮಾನದ ಬೆನ್ನಿಗೆ ಶತ್ರು ಬಿದ್ದರೆ, ಥ್ರಾಟಲನ್ನು ಮೆಲ್ಲಗೆ ಮುಂದೆ ಸರಿಸುತ್ತಾ ವೇಗ ಕೂಡುವವರೆಗೆ ಕಾಯುವುದಲ್ಲದೆ ಪೈಲಟ್‌ಗೆ ಬೇರೆ ದಾರಿ ಇರಲಿಲ್ಲ. 1944ರ ನವೆಂಬರ್ 6ರಂದು ಅಮೆರಿಕದ ಪೈಲಟ್ ಚಕ್ ಯೇಗರ್ ಒಂದು ಎಂಇ-262ನ್ನು ಹೊಡೆದುರುಳಿಸಿದ್ದು ಅದು ಹೀಗೆ ಇಳಿಯಲು ಬರುತ್ತಿದ್ದ ಹೊತ್ತಿನಲ್ಲಿಯೇ.

ಈ ವಿಮಾನವನ್ನು ಬಾಂಬರ್ ಆಗಿಸಬೇಕೆಂಬ ಹಿಟ್ಲರನ ಹಟವೇ ಅದರ ವಿಳಂಬಕ್ಕೆ ಕಾರಣವೆಂಬ ಮಾತು ಬಹಳ ಪ್ರಚಲಿತವಾಗಿದೆ. ನನ್ನ ದೃಷ್ಟಿಯಲ್ಲಿ ಅದು ಎಂಜಿನ್‌ನ ಕಥೆಯನ್ನು ಮರೆಮಾಡುತ್ತದೆ. 1941ರ ಏಪ್ರಿಲ್‌ನಲ್ಲಿ ವಿಮಾನದ ಒಡಲು ಸಿದ್ಧವಾದಾಗ ಜೆಟ್ ಎಂಜಿನ್ ಸಿದ್ಧವಿರಲಿಲ್ಲ. ಮೂತಿಗೆ ಪಿಸ್ಟನ್ ಎಂಜಿನ್ನೊಂದನ್ನು ಕೂಡಿಸಿ, ಪ್ರೊಪೆಲರ್ ತಿರುಗಿಸಿಯೇ ಅದನ್ನು ಮೊದಲು ಹಾರಿಸಲಾಯಿತು. ಬರಿಯ ಜೆಟ್ ಬಲದಿಂದ ಅದು ಹಾರಿದ್ದು 1942ರ ಜುಲೈ 18ರಂದು. ಸುಮಾರು 1,400 ವಿಮಾನಗಳು ತಯಾರಾದರೂ, ಒಂದೇ ಕಾಲಕ್ಕೆ ಕಾದಾಟಕ್ಕೆ ಒದಗುತ್ತಿದ್ದವು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ.

ಕೊನೆಗೆ ಜೆಟ್‌ಗಳಿಗೆ ಪ್ರೊಪೆಲರ್ ವಿಮಾನಗಳದೇ ಕಾವಲು ಬೇಕಾಯಿತು. ಆಖ್ಮರ್ ಮತ್ತು ಹೆಸೆಪೆ ನೆಲೆಗಳಲ್ಲಿ ಜೆಟ್‌ಗಳು ಏರಿಳಿಯುವಾಗ ಉದ್ದ ಮೂತಿಯ ಫೋಕ್ಕೆ-ವುಲ್ಫ್ 190ಡಿ ವಿಮಾನಗಳು ಮೇಲೆ ಸುತ್ತುತ್ತಿದ್ದವು. 1945ರಲ್ಲಿ ಅಡಾಲ್ಫ್ ಗ್ಯಾಲಂಡ್ ಅವರ ಜೆಟ್ ಪಡೆಯನ್ನು ಕಾಯುತ್ತಿದ್ದ ಇಂತಹವೇ ವಿಮಾನಗಳ ಕೆಳಮೈಗೆ ಕೆಂಪು ಬಣ್ಣ ಬಳಿದು, ಬಿಳಿ ಪಟ್ಟೆಗಳನ್ನು ಎಳೆಯಲಾಗಿತ್ತು. ನೆಲದ ಮೇಲಿದ್ದ ತಮ್ಮದೇ ತೋಪಿನವರು ಗುರುತು ತಪ್ಪಿ ಗುಂಡು ಹಾರಿಸದಿರಲಿ ಎಂಬುದು ಅದರ ಉದ್ದೇಶ.

ಕೊರಿಯಾ ಯುದ್ಧದ ಹೊತ್ತಿಗೆ ಜೆಟ್ ಎಂಜಿನ್ ಬಹಳ ಸುಧಾರಿಸಿತ್ತು. ಆದರೂ 1952ರ ಆಗಸ್ಟ್ 9ರಂದು, ಬ್ರಿಟನ್ನಿನ ವಿಮಾನವಾಹಕ ಹಡಗು ಎಚ್‌ಎಂಎಸ್ ಓಷನ್‌ನಿಂದ ಹೊರಟ ಪೀಟರ್ ಕಾರ್ಮೈಕೇಲ್ ನೇತೃತ್ವದ ನಾಲ್ಕು ಸೀ ಫ್ಯೂರಿ ಪ್ರೊಪೆಲರ್ ವಿಮಾನಗಳು ಒಂದು ಮಿಗ್-15 ಜೆಟ್ಟನ್ನು ಬೀಳಿಸಿದವು. ಮುಂದಿನ ತಿಂಗಳು ಕೋರ್ಸೇರ್ ಎಂಬ ಪ್ರೊಪೆಲರ್ ವಿಮಾನದ ಅಮೆರಿಕನ್ ಪೈಲಟ್ ಜೆಸ್ಸಿ ಫೋಲ್ಮರ್ ಕೂಡ ಒಂದು ಮಿಗ್-15ನ್ನು ಉರುಳಿಸಿದರು; ಆದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಮಿಗ್ ಅವರ ವಿಮಾನವನ್ನು ಹೊಡೆಯಿತು. ಅವರು ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡರು.

ಜರ್ಮನ್ ಜೆಟ್‌ಗಳನ್ನು ಕಾಯುತ್ತಿದ್ದ ಫೋಕ್ಕೆ-ವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಎಚ್‌ಎಎಲ್‌ನಲ್ಲಿ ಅವರ ತಂಡ ರೂಪಿಸಿದ ಎಚ್‌ಎಫ್-24 ಮಾರುತ್ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಶಬ್ದದ ವೇಗವನ್ನು ಬಹಳಷ್ಟು ಮೀರಿ ಹಾರಬೇಕೆಂದು ಆ ಒಡಲನ್ನು ರೂಪಿಸಲಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಮಾತ್ರ ಸಿಗಲೇ ಇಲ್ಲ. ಕಡಿಮೆ ನೂಕುಬಲದ ಎರಡು ಆರ್ಫಿಯಸ್ ಎಂಜಿನ್‌ಗಳನ್ನೇ ಕೂಡಿಸಿಕೊಂಡು ಮಾರುತ್ ವಾಯುಪಡೆಗೆ ಸೇರಿತು.