ರಿಂಗ್ ಬೇರೆ, ವಂಕಿ ಬೇರೆ

‘ರಿಂಗ್ ಹಾಕಿಸಿಕೊಂಡರೆ ಹತ್ತು ವರ್ಷ ಚಿಂತೆ ಇಲ್ಲ.’ ಬಸಿರು ತಡೆಯುವ ಬಗ್ಗೆ ಈ ಸಾಲು ವಾಟ್ಸಾಪಿನಲ್ಲಿ ಈ ತಿಂಗಳು ಮೂರನೇ ಸಲ ಬಂತು. ಮೊದಲೆರಡು ಸಲ ಸುಮ್ನಿದ್ದೆ. ಮೊನ್ನೆ ಗದಗಿನಿಂದ ಹುಬ್ಬಳ್ಳಿಗೆ ಬಂದ ಚಿಕ್ಕಪ್ಪನ ಮಗಳೂ ಅದನ್ನೇ ಅಂದಳು.

“ಅಕ್ಕಾ, ನಾ ರಿಂಗ್ ಹಾಕಿಸ್ಕೊಂಡೇನಿ.”

“ದಾರ ಬಿಟ್ಟಾರೇನು?”

“ಹೂಂ, ದಾರ ಐತಿ.”

“ಹಂಗಾರ ಅದು ರಿಂಗ್ ಅಲ್ಲ ಬಿಡವ್ವಾ, ವಂಕಿ.”

ವಂಕಿ ಅಂದರೆ ಬಸಿರು ತಡೆಯಲು ಗರ್ಭಚೀಲದೊಳಗೆ ಇಡುವ ಕಾಪರ್-ಟಿಯಂಥದ್ದು. ವಂಕ ಅಂದರೆ ಬಾಗಿದ್ದು, ಡೊಂಕಾದದ್ದು. ತೋಳಿಗೆ ಹಾಕುವ ವಂಕಿಗೂ ಅದೇ ಮೂಲ. 1965ರಲ್ಲಿ ಸರ್ಕಾರದ ಕುಟುಂಬ ಯೋಜನೆಗೆ ಲಿಪ್ಪೀಸ್ ಲೂಪ್ ಬಂತು. ಹಾವಿನಂತೆ ಹೊರಳಿದ ಪ್ಲಾಸ್ಟಿಕ್ ಎಳೆ ಅದು. ವಂಕಿ ಅನ್ನುವ ಹೆಸರು ಅದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಆಮೇಲೆ ಕಾಪರ್-ಟಿ ಬಂತು, ಡೊಂಕು ಹೋಯಿತು, ಹೆಸರು ಉಳಿಯಿತು. ಇರಲಿ. ಆದರೆ ಒಡವೆ ಅಂಗಡಿಯಲ್ಲಿ ‘ವಂಕಿ ಉಂಗುರ’ ಅಂತಲೂ ಒಂದಿದೆಯಲ್ಲ! ಸಾಲದ್ದಕ್ಕೆ, 1920ರ ದಶಕದಲ್ಲಿ ಜರ್ಮನಿಯ ಡಾಕ್ಟರ್ ಗ್ರಾಫೆನ್‌ಬರ್ಗ್ ಗರ್ಭಚೀಲದೊಳಗೆ ಇಡುತ್ತಿದ್ದದ್ದು ನಿಜವಾಗಿಯೂ ಬೆಳ್ಳಿಯ ಉಂಗುರ. ಗೊಂದಲ ಹಳೆಯದು, ಒಪ್ಪಿದೆ.

ಈಗ ರಿಂಗ್ ಅಂದರೆ ಅದಲ್ಲ. ವ್ಯತ್ಯಾಸ ನಮ್ಮ ಕನ್ನಡದ ಒಂದು ‘ಇಸು’ವಿನಲ್ಲೇ ಇದೆ. ವಂಕಿಯನ್ನು ಹಾಕಿಸಿಕೊಳ್ಳುತ್ತಾರೆ: ಡಾಕ್ಟರೋ ನರ್ಸೋ ಗರ್ಭಚೀಲದೊಳಗೆ ಇಡಬೇಕು. ರಿಂಗನ್ನು ಹಾಕಿಕೊಳ್ಳುತ್ತಾರೆ: ಬೆರಳಿನಿಂದ ಒತ್ತಿ, ಮಡಚಿ, ಯೋನಿಯೊಳಗೆ ತಾವೇ ಇಟ್ಟುಕೊಳ್ಳುವುದು. ಅದು ಗರ್ಭಚೀಲಕ್ಕೆ ಹೋಗುವುದೇ ಇಲ್ಲ. ದಾರವೂ ಇಲ್ಲ.

ಉಂಗುರ ಅನ್ನೋದೂ ಸರಿಯಲ್ಲ ನನ್ನ ಪ್ರಕಾರ. 2001ರಲ್ಲಿ ಬಂದ ನುವಾರಿಂಗ್ ಅನ್ನುವ ಇಂಥ ರಿಂಗಿನ ಅಗಲ 54 ಮಿಲಿಮೀಟರ್. ಬಳೆ ಅಂಗಡಿಯಲ್ಲಿ ಎರಡೆರಡರ ಬಳೆ ಕೇಳಿ, ಹೆಚ್ಚುಕಮ್ಮಿ ಅಷ್ಟೇ. ದಪ್ಪ 4 ಮಿಲಿಮೀಟರ್. ಒತ್ತಿದರೆ ಬಾಗುವ ಮೆತ್ತನೆಯ ಬಳೆ.

ಕೆಲಸದಲ್ಲಿ ಅದು ವಂಕಿಯ ಬಳಗವೇ ಅಲ್ಲ, ಮಾಲಾ-ಎನ್ ಗುಳಿಗೆಯ ತಂಗಿ. ಅದೇ ಬಗೆಯ ಎರಡು ಹಾರ್ಮೋನು ಯೋನಿಯಿಂದ ರಕ್ತಕ್ಕೆ ಸೇರಿ, ಅಂಡ ಬಿಡುಗಡೆಯಾಗದಂತೆ ತಡೆಯುತ್ತವೆ. ಕಾಪರ್-ಟಿಯಲ್ಲಿ ಹಾರ್ಮೋನಿಲ್ಲ, ತಾಮ್ರ ಅಷ್ಟೇ. ಹಾಗಾಗಿ ಲೆಕ್ಕವೂ ಬೇರೆ. ರಿಂಗ್ ಮೂರು ವಾರ ಒಳಗೆ, ಒಂದು ವಾರ ಹೊರಗೆ, ಮತ್ತೆ ಹೊಸದು. ಒಳಗಿರಬೇಕಾದ ವಾರಗಳಲ್ಲಿ ಮೂರು ತಾಸಿಗಿಂತ ಜಾಸ್ತಿ ಹೊರಗಿದ್ದರೆ ಮುಂದಿನ ಏಳು ದಿನ ನಿರೋಧ್ ಬೇಕು. 2018ರ ಅನ್ನೊವೆರಾ ಅನ್ನುವ ರಿಂಗ್ ಒಂದು ವರ್ಷ ಬರುತ್ತದೆ, ಅದನ್ನೂ ಪ್ರತಿ ಸಲ ಮೂರು ವಾರಕ್ಕೆ ತೆಗೆದು, ತೊಳೆದು ಇಡಬೇಕು. ಹತ್ತು ವರ್ಷ ಕಾಪರ್-ಟಿ 380ಎ ಮಾತು. ಅದನ್ನು ರಿಂಗಿಗೆ ಅಂಟಿಸಿದರೆ ತೊಟ್ಟಿಲು ಕಟ್ಟಬೇಕಾಗುತ್ತದೆ.

ರಿಂಗನ್ನು ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಬಸಿರು ನಿಲ್ಲುವುದಿಲ್ಲ. ಮರೆವು, ತಡ ಎಲ್ಲ ಸೇರಿದ ದಿನನಿತ್ಯದ ಬಳಕೆಯಲ್ಲಿ ನೂರರಲ್ಲಿ ಸುಮಾರು ಏಳು ಜನಕ್ಕೆ ನಿಲ್ಲುತ್ತದೆ. ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರಿಗೆ, ಜಾಸ್ತಿ ಬಿಪಿ ಇದ್ದವರಿಗೆ, 35 ದಾಟಿ ಬೀಡಿ-ಸಿಗರೇಟು ಸೇದುವವರಿಗೆ ಇದು ಬೇಡ. ಎಚ್‌ಐವಿ ತಡೆಯುವುದಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುವ ನಿರೋಧ್, ಛಾಯಾ ಗುಳಿಗೆ, ಅಂತರಾ ಚುಚ್ಚುಮದ್ದು, ವಂಕಿಗಳ ಪಟ್ಟಿಯಲ್ಲಿ ಇದಿಲ್ಲ.

ಇನ್ನೊಂದು ರಿಂಗ್ ಇದೆ: ರಿಂಗ್ ಪೆಸರಿ. ಗರ್ಭಚೀಲ ಜಾರಿದವರಿಗೆ ಆಸರೆಯಾಗಿ ಇಡುವುದು. ಅದರಲ್ಲಿ ಔಷಧವಿಲ್ಲ, ಬಸಿರಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಓಣಿಯ ಎಪ್ಪತ್ತರ ಅಜ್ಜಿ ಕಟ್ಟೆ ಮೇಲೆ ಕೂತು “ನನಗೂ ರಿಂಗ್ ಹಾಕ್ಯಾರ” ಅಂದಾಗ ಸೊಸೆಯ ಮುಖ ನೋಡಬೇಕಿತ್ತು.