ಮೀನು ಕಾಣುತ್ತದೆ, ದಾರ ಕಾಣುವುದಿಲ್ಲ

ಗೋವಾದ ವಾಸ್ಕೋದ ಬೈನಾ ದಂಡೆಯಲ್ಲಿ ಭಾನುವಾರ ಗಾಳ ಹಿಡಿದು ನಿಂತವರ ನಡುವೆ ಧಾರವಾಡ, ಗದಗ ಕಡೆಯ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ನೀರಲ್ಲಿ ಬೂದು ಬೆನ್ನೊಂದು ಎದ್ದರೆ ಸಾಕು, 'ಮೀನು ಅಲ್ಲೇ ಅದಾವ, ಅಲ್ಲೇ ಒಗಿ!' ಎನ್ನುತ್ತಾರೆ. ಡಾಲ್ಫಿನ್‌ಗೆ ದಾರ ಸುತ್ತಿಕೊಂಡೀತು ಎಂದರೆ ಉತ್ತರ ಸಿದ್ಧವಿದೆ: 'ಅದಕ್ಕ ಸೋನಾರ್ ಐತ್ರಿ, ತಪ್ಪಿಸ್ಕೊಂಡು ಹೋಗ್ತೈತಿ.'

ಮೊದಲ ಮಾತು ಅರ್ಧ ನಿಜ: ಮೀನು ಅಲ್ಲಿರಬಹುದು, ಆದರೆ ಅಲ್ಲಿ ಒಗೆಯಬಾರದು. ಎರಡನೆಯದರಲ್ಲಿ ಸೋನಾರ್ ಇರುವುದು ನಿಜ (ಸದ್ದು ಹೊರಡಿಸಿ, ಮರಳುವ ಪ್ರತಿಧ್ವನಿಯಿಂದ ಎದುರಿಗಿರುವುದನ್ನು ತಿಳಿಯುವ ವಿದ್ಯೆ ಅದು). ದಾರ ತಪ್ಪಿಸಿಕೊಳ್ಳುತ್ತದೆ ಎಂಬುದು ತಪ್ಪು, ಮತ್ತು ಈ ತಪ್ಪಿನ ಬೆಲೆಯನ್ನು ಡಾಲ್ಫಿನ್ ತೆರುತ್ತದೆ.

ಡಾಲ್ಫಿನ್ ಹೊರಡಿಸುವ ಟಿಕ್ ಟಿಕ್ ಸದ್ದಿನ ಕಂಪನ ಸೆಕೆಂಡಿಗೆ ಒಂದು ಲಕ್ಷದ ಆಸುಪಾಸು. ಕಡಲ ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಭಾಗಿಸಿದರೆ ಒಂದು ಅಲೆಯ ಉದ್ದ 15 ಮಿಲಿಮೀಟರ್. ಗಾಳದ ನೈಲಾನ್ ದಾರದ ದಪ್ಪ 0.4 ಮಿಲಿಮೀಟರ್, ಅಂದರೆ ಅಲೆಯ 37ನೇ ಒಂದು ಭಾಗ. ಜೆಟ್ಟಿಯ ಗೋಡೆಗೆ ಬಡಿದ ಕಡಲ ಅಲೆ ಹಿಂದಕ್ಕೆ ಬರುತ್ತದೆ. ನೀರಲ್ಲಿ ನೆಟ್ಟ ಬಿದಿರುಕಡ್ಡಿಯನ್ನು ಅದೇ ಅಲೆ ಗಮನಿಸದೆ ದಾಟಿಹೋಗುತ್ತದೆ. ಗೋಡೆಗೆ ಎಸೆದ ಚೆಂಡು ಪುಟಿದು ಕೈಗೆ ಬರುತ್ತದೆ. ಬಟ್ಟೆ ಒಣಹಾಕುವ ಹಗ್ಗದತ್ತ ಎಸೆದದ್ದು ಪಕ್ಕದ ಮನೆಯ ಅಂಗಳಕ್ಕೆ ಹೋಗುತ್ತದೆ. ಸಾಲದ್ದಕ್ಕೆ, ಸದ್ದಿಗೆ ನೈಲಾನ್ ಒಡ್ಡುವ ಅಡ್ಡಿ ನೀರಿನದಕ್ಕಿಂತ ಹೆಚ್ಚುಕಡಿಮೆ ಎರಡೇ ಪಟ್ಟು. ಗಾಳಿಯದೋ ನೀರಿನದಕ್ಕಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಕಡಿಮೆ. ಇಷ್ಟು ಅಂತರವಿರುವ ಕಡೆಯೇ ಪ್ರತಿಧ್ವನಿ ಜೋರು. ಬಹುಪಾಲು ಮೀನುಗಳ ಹೊಟ್ಟೆಯೊಳಗೆ ಗಾಳಿಚೀಲವಿದೆ (ಮುಂಬೈಯಲ್ಲಿ ಘೋಳ್ ಮೀನಿಗೆ ಲಕ್ಷಗಟ್ಟಲೆ ಬೆಲೆ ತರುವುದು ಇದೇ ಚೀಲ). ಹಾಗಾಗಿ ಕೊಕ್ಕೆಗೆ ಸಿಕ್ಕ ಮೀನು ಡಾಲ್ಫಿನ್‌ಗೆ ಕತ್ತಲಲ್ಲಿ ಹೊತ್ತಿಸಿಟ್ಟ ಪೆಟ್ರೋಮ್ಯಾಕ್ಸ್; ದಾರ ಜೇಡನ ಎಳೆ.

ಇದರ ಸುಳಿವು ಸಿಕ್ಕಿದ್ದೂ ಬಲೆಯಿಂದಲೇ. ಫ್ಲಾರಿಡಾದ ಜಲಪ್ರಾಣಿ ಸಂಗ್ರಹಾಲಯವೊಂದರಲ್ಲಿದ್ದ ಆರ್ಥರ್ ಮೆಕ್‌ಬ್ರೈಡ್, ರಾತ್ರಿಯ ಕದಡು ನೀರಲ್ಲೂ ಡಾಲ್ಫಿನ್‌ಗಳು ಸಣ್ಣ ಕಣ್ಣಿನ ಬಲೆಯಿಂದ ನುಣುಚಿಕೊಳ್ಳುವುದನ್ನೂ ದೊಡ್ಡ ಕಣ್ಣಿನ ಬಲೆಗೆ ಬೀಳುವುದನ್ನೂ ಕಂಡು 1947ರಲ್ಲಿ ಬರೆದಿಟ್ಟರು. ಅದು ಅಚ್ಚಾದದ್ದು 1956ರಲ್ಲಿ, ಅವರು ತೀರಿಕೊಂಡ ಮೇಲೆ. ಡಾಲ್ಫಿನ್ ಸದ್ದಿನಿಂದ ದಾರಿ ಹುಡುಕುತ್ತದೆಂದು ಜನ ಹೊಗಳುವಾಗ ಆ ದೊಡ್ಡ ಕಣ್ಣಿನ ಬಲೆಯನ್ನು ಮರೆತುಬಿಡುತ್ತಾರೆ.

ಗೋವಾದ ದಂಡೆಗೆ ಅಂಟಿಕೊಂಡು ಬದುಕುವುದು ಗೂನುಬೆನ್ನಿನ ಡಾಲ್ಫಿನ್, ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಪ್ರಾಣಿ. 25 ಮೀಟರಿಗಿಂತ ಆಳಕ್ಕೆ ಅದು ಹೋಗುವುದು ಕಡಿಮೆ; ಮಾಂಡೋವಿ, ಜುವಾರಿಯ ಅಳಿವೆಗಳೇ ಅದರ ಊಟದ ಮನೆ. ಗಾಳದವರಿಗೆ ಬೇಕಾದದ್ದೂ ಅವೇ ಜಾಗ. ಹವ್ಯಾಸಿ ಗಾಳದಿಂದ ಏನು ಮಹಾ ಆದೀತು ಎನ್ನುವವರು ಫ್ಲಾರಿಡಾದ ಸರಸೋಟಾ ಕೊಲ್ಲಿಯ ಲೆಕ್ಕ ನೋಡಬೇಕು: 2006ರಲ್ಲಿ ಅಲ್ಲಿನ ಡಾಲ್ಫಿನ್‌ಗಳಲ್ಲಿ ಶೇ. 2ರಷ್ಟು ಸತ್ತದ್ದು ಹವ್ಯಾಸಿಗಳ ದಾರ, ಕೊಕ್ಕೆ ನುಂಗಿ. ಮೂರು ವರ್ಷಕ್ಕೊಂದರಂತೆ ಮರಿ ಹಾಕುವ ಪ್ರಾಣಿಗೆ ಇದು ಸಣ್ಣ ಪೆಟ್ಟಲ್ಲ.

ನುಂಗಿದರೆ ಸಾಯುವುದೇಕೆ? ಡಾಲ್ಫಿನ್ ಬಾಯಿಂದ ಉಸಿರಾಡುವುದಿಲ್ಲ. ಅದರ ಧ್ವನಿಪೆಟ್ಟಿಗೆ ಬಾತುಕೋಳಿಯ ಕೊಕ್ಕಿನಂತೆ ಮೇಲಕ್ಕೆ ಚಾಚಿ ಮೂಗಿನ ನಾಳಕ್ಕೆ ಬಿರಡೆಯ ಹಾಗೆ ಕೂತಿರುತ್ತದೆ. ಆಹಾರ ಅದರ ಎರಡೂ ಪಕ್ಕದಿಂದ ಇಳಿಯುತ್ತದೆ. ದಾರ ಆ ಕೊಕ್ಕಿಗೆ ಸುತ್ತಿಕೊಂಡು ಬಿಗಿದರೆ ಉಸಿರೇ ಕಟ್ಟುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಡಾಲ್ಫಿನ್ ಹತ್ತಿರ ಬಂದರೆ ದಾರ ಸುತ್ತಿಕೊಂಡು ಕಾಯಿರಿ, ಇಲ್ಲವೇ ಜಾಗ ಬದಲಿಸಿ. ಉಳಿದ ಎರೆ, ಬೇಡದ ಮೀನು ಅದರ ಮುಂದೆ ಎಸೆಯಲೇಬೇಡಿ. ಹತ್ತರಲ್ಲಿ ಒಂದು ಸಲ ಸಿಕ್ಕರೂ ಸಾಕು, ಅದು ಮತ್ತೆ ಮತ್ತೆ ಬರುತ್ತದೆ. ಮಾಂಡೋವಿಯ ಕ್ಯಾಸಿನೊ ಜೂಜಿನ ದೋಣಿಗಳು ನಡೆಯುವುದೂ ಇದೇ ಗುಟ್ಟಿನ ಮೇಲೆ. ಸಣ್ಣ ಮೀನನ್ನು ನೀರಿಗೆ ಬಿಡುವುದಿದ್ದರೆ ಡಾಲ್ಫಿನ್ ದೂರ ಹೋದ ಮೇಲೆ ಬಿಡಿ.

ಮುಖ್ಯ ದಾರ 20 ಪೌಂಡಿನದಾದರೆ (ಅಷ್ಟು ತೂಕದ ಎಳೆತ ತಾಳುವಂಥದ್ದು) ಕೊಕ್ಕೆಯ ಕಡೆಯ ಒಂದು ಮೀಟರ್ ತುಂಡು 12 ಪೌಂಡಿನದಿರಲಿ. ಡಾಲ್ಫಿನ್ ಜಗ್ಗಿದಾಗ ಹರಿಯಬೇಕಾದದ್ದು ಅಲ್ಲಿ. ಐವತ್ತು ಮೀಟರ್ ದಾರ ಎಳೆದುಕೊಂಡು ಓಡಬಾರದು. ಎಡವಟ್ಟಾಗುವುದು ಬಂಡೆಗೆ ತಿಕ್ಕಿ ಮುಖ್ಯ ದಾರವೇ ಸವೆದಾಗ. ಪ್ರತಿ ಸಲ ಮೊದಲ ಎರಡು ಮೀಟರನ್ನು ಎರಡು ಉಗುರುಗಳ ನಡುವೆ ಎಳೆದು ನೋಡಿ, ತರಿ ಸಿಕ್ಕಲ್ಲಿಗೆ ಕತ್ತರಿಸಿ. ಗಂಟನ್ನು ಎಂಜಲು ಹಚ್ಚಿ ಬಿಗಿಯಿರಿ, ಒಣ ಗಂಟು ತಿಕ್ಕಾಟದ ಶಾಖಕ್ಕೇ ದುರ್ಬಲವಾಗುತ್ತದೆ. ಕೊಕ್ಕೆ ಸ್ಟೇನ್‌ಲೆಸ್ ಬೇಡ, ತುಕ್ಕು ಹಿಡಿಯುವಂಥದ್ದು ಸಾಕು. ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ ದುಂಡು ಕೊಕ್ಕೆ) ಹಾಕಿದರೆ ಅದು ಮೀನಿನ ದವಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಆದರೆ ಕಚ್ಚಿದ ಕೂಡಲೇ ಝಾಡಿಸಿ ಎಳೆಯುವ ಹಳೆಯ ಚಟ ಬಿಡಬೇಕು. ಎಳೆದರೆ ಕೊಕ್ಕೆ ಬರಿದೇ ಹೊರಬರುತ್ತದೆ, ಮೆಲ್ಲಗೆ ಸುತ್ತಿದರೆ ಹಿಡಿಯುತ್ತದೆ. ಹಳೆಯ ದಾರವನ್ನು ಗೇಣುದ್ದಕ್ಕೆ ಕತ್ತರಿಸಿ ಬಾಟಲಿಯಲ್ಲಿ ತುಂಬಿ ಮನೆಗೆ ಒಯ್ಯಿರಿ.

ದಂಡೆಗೆ ಜೀವಂತ ಡಾಲ್ಫಿನ್ ಬಂದು ಬಿದ್ದಿದ್ದರೆ ಜೀವರಕ್ಷಕರಿಗೋ ಅರಣ್ಯ ಇಲಾಖೆಗೋ ಹೇಳಿ. ಬಾಲ ಹಿಡಿದು ಎಳೆಯಬೇಡಿ. ನೆತ್ತಿಯ ಉಸಿರುರಂಧ್ರ ಬಿಟ್ಟು ಮೈಮೇಲೆ ಒದ್ದೆ ಬಟ್ಟೆ ಹೊದಿಸಿ. ಬಾಯಿಂದ ದಾರ ತೂಗುತ್ತಿದ್ದರೆ ಜಗ್ಗಬೇಡಿ. ಒಳಗಿನ ತುದಿ ಯಾವುದಕ್ಕೆ ಸುತ್ತಿಕೊಂಡಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.